ಮಕ್ಕಳಾದ ಮೇಲೆ ಮುಟ್ಟಿನ ಕಪ್: ನಿಮ್ಮ ದೇಹಕ್ಕೆ ಒಗ್ಗುವುದು ಯಾವುದು?

ಹೆರಿಗೆಯಾಗಿ ಮುಟ್ಟು ಮರಳಿದಾಗ ಹಲವರಿಗೆ ತಮ್ಮ ದೇಹವೇ ಹೊಸದೆನಿಸುತ್ತದೆ. ಮೂರು ದಿನಕ್ಕೆ ಮುಗಿಯುತ್ತಿದ್ದುದು ಆರು ದಿನ ಎಳೆಯಬಹುದು. ಅರ್ಧ ದಿನ ಸಾಕಾಗುತ್ತಿದ್ದ ಪ್ಯಾಡ್ ಎರಡು ಗಂಟೆಗೇ ತುಂಬಬಹುದು. ಹೊಲಿಗೆ ಹಾಕಿದ್ದ ಜಾಗಕ್ಕೆ ಪ್ಯಾಡಿನ ಅಂಚು ಉಜ್ಜಿ ಉರಿಯಬಹುದು. ಕಂಕುಳಲ್ಲಿ ಮಗು ಇಟ್ಟುಕೊಂಡೇ ದಿನ ಕಳೆಯುವವರಿಗೆ ಪ್ಯಾಡ್ ಬದಲಿಸಲು ಬಚ್ಚಲಿಗೆ ಹೋಗುವಷ್ಟು ಬಿಡುವೂ ಸಿಗುವುದಿಲ್ಲ. ಕಪ್‌ಗೆ, ಅಂದರೆ ಮಡಚಿ ಯೋನಿಯೊಳಗಿಟ್ಟು ರಕ್ತ ಹಿಡಿದು, ಖಾಲಿ ಮಾಡಿ ಮತ್ತೆ ಬಳಸುವ ಪುಟ್ಟ ಬಟ್ಟಲಿಗೆ, ಬದಲಾಗೋಣವೇ ಎಂಬ ಯೋಚನೆ ಬರುವುದು ಸಾಮಾನ್ಯವಾಗಿ ಇಂಥ ಹೊತ್ತಿನಲ್ಲೇ. ಅದರ ಬೆನ್ನಿಗೇ ಉಳಿದ ಪ್ರಶ್ನೆಗಳು: ಯಾವ ಸೈಜು? ಗಟ್ಟಿಯದೋ ಮೆತ್ತಗಿನದೋ? ಚಪ್ಪಟೆ ತಟ್ಟೆಯಂಥ ಡಿಸ್ಕ್ ಅಂತಲೂ ಇದೆಯಲ್ಲ, ಅದು ಹೇಗೆ? ಕಾಪರ್ ಟಿ ಹಾಕಿಸಿಕೊಂಡಿದ್ದರೆ?

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಿಗೆಯ ಮೇಲಿರುವ ‘ಹೆರಿಗೆಯಾದವರಿಗೆ ದೊಡ್ಡ ಸೈಜು’ ಎಂಬ ಒಂದೇ ಸಾಲನ್ನು ನಂಬಿ ಕಪ್ ಕೊಳ್ಳಬೇಡಿ. ಒಂದೇ ಕಂಪನಿಯ ಚಿಕ್ಕ ಕಪ್‌ಗೂ ದೊಡ್ಡ ಕಪ್‌ಗೂ ಬಾಯಿಯ ಅಗಲದಲ್ಲಿ ಎಷ್ಟೋ ಸಲ 3 ಮಿಲಿಮೀಟರಿನಷ್ಟೇ ವ್ಯತ್ಯಾಸವಿರುತ್ತದೆ. ಕಪ್ ಒಗ್ಗುತ್ತದೋ ಇಲ್ಲವೋ ಎಂಬುದನ್ನು ನಿಜವಾಗಿ ತೀರ್ಮಾನಿಸುವುದು ಬೇರೆ ಸಂಗತಿಗಳು: ಗರ್ಭಕೋಶದ ಬಾಯಿ ಎಷ್ಟು ಕೆಳಗಿದೆ, ಹೆರಿಗೆಯ ನಂತರ ಅಲ್ಲಿನ ಸ್ನಾಯುಗಳಿಗೆ ಎಷ್ಟು ಬಲ ಉಳಿದಿದೆ, ಮೂತ್ರಕೋಶ ಒತ್ತಡವನ್ನು ಎಷ್ಟು ತಾಳುತ್ತದೆ. ಇವನ್ನು ತಿಳಿದುಕೊಳ್ಳಲು ಯಾವ ಖರ್ಚೂ ಇಲ್ಲ.

ಮೊದಲ ಆರು ವಾರ ಬೇಡವೇ ಬೇಡ

ಹೆರಿಗೆಯ ನಂತರ ಹರಿಯುವ ರಕ್ತ ಮುಟ್ಟಿನದಲ್ಲ. ಮಾಸು ಅಂಟಿಕೊಂಡಿದ್ದ ಜಾಗ ಗರ್ಭಕೋಶದೊಳಗೆ ಹಸಿ ಗಾಯವಾಗಿಯೇ ಇರುತ್ತದೆ. ಅದು ಮಾಯುತ್ತ ನಾಲ್ಕರಿಂದ ಆರು ವಾರ ಸ್ರಾವ ಹೋಗುತ್ತದೆ. ಆ ಅವಧಿಯಲ್ಲಿ ಕಪ್, ಡಿಸ್ಕ್, ಟ್ಯಾಂಪನ್ (ರಕ್ತ ಹೀರಲು ಒಳಗಿಡುವ ಹತ್ತಿಯ ಸುರುಳಿ) ಯಾವುದನ್ನೂ ಒಳಗಿಡಬಾರದು. ಸೋಂಕು ನೇರವಾಗಿ ಗರ್ಭಕೋಶಕ್ಕೆ ಏರುವ ಅಪಾಯವಿದೆ. ಸಿಸೇರಿಯನ್ ಆದವರಿಗೂ ಇದೇ ಮಾತು, ಏಕೆಂದರೆ ಗಾಯ ಹೊಟ್ಟೆಯ ಮೇಲೆ ಮಾತ್ರ ಇರುವುದಲ್ಲ. ಈ ದಿನಗಳಿಗೆ ದೊಡ್ಡ ಪ್ಯಾಡ್ ಅಥವಾ ಹೆರಿಗೆಯ ನಂತರ ಬಳಸಲೆಂದೇ ಸಿಗುವ ಒಳಉಡುಪೇ ಸರಿ. ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಹೋದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಆರು ವಾರದ ತಪಾಸಣೆಗೆ ಹೋದಾಗ ವೈದ್ಯರನ್ನು ನೇರವಾಗಿ ಕೇಳಿ: ಹೊಲಿಗೆ ಪೂರ್ತಿ ಮಾಗಿದೆಯೇ, ಗರ್ಭಕೋಶವಾಗಲಿ ಮೂತ್ರಕೋಶವಾಗಲಿ ಕೆಳಗೆ ಜಾರಿದೆಯೇ, ಕಪ್ ಬಳಸಬಹುದೇ. ಎದೆಹಾಲು ಕುಡಿಸುತ್ತಿಲ್ಲದವರಿಗೆ ಮುಟ್ಟು ಆರೆಂಟು ವಾರದಲ್ಲೇ ಬರಬಹುದು. ಬರೀ ಎದೆಹಾಲನ್ನೇ ಕೊಡುತ್ತಿರುವವರಿಗೆ ಎಷ್ಟೋ ತಿಂಗಳು ಬಾರದೆಯೂ ಇರಬಹುದು. ಹಾಗಾಗಿ ಅವಸರವೇನಿಲ್ಲ. ಹಾಲೂಡಿಸುವ ತಾಯಂದಿರು ಇನ್ನೊಂದು ವಿಷಯವನ್ನು ಗಮನದಲ್ಲಿಡಬೇಕು. ಆಗ ದೇಹದಲ್ಲಿ ಈಸ್ಟ್ರೋಜನ್ ಕಡಿಮೆಯಾಗಿ ಯೋನಿ ಒಣಗಿರುತ್ತದೆ. ಕಪ್ ಹಾಕುವಾಗ ಉರಿದರೆ ಸೈಜು ತಪ್ಪಿತೆಂದು ತೀರ್ಮಾನಿಸುವ ಮೊದಲು ಅಂಚಿಗೆ ನೀರು ಅಥವಾ ನೀರಿನಾಧಾರಿತ ಜೆಲ್ ಸವರಿ ನೋಡಿ. ಸಿಲಿಕೋನ್ ಜೆಲ್ ಬೇಡ, ಅದು ಸಿಲಿಕೋನ್ ಕಪ್ ಅನ್ನೇ ಹಾಳುಮಾಡುತ್ತದೆ.

ಆರಿಸುವ ಮುನ್ನ ನೋಡಬೇಕಾದದ್ದು

ಎಲ್ಲಕ್ಕಿಂತ ಮೊದಲು ಗರ್ಭಕೋಶದ ಬಾಯಿ ಇರುವ ಎತ್ತರ. ಮುಟ್ಟಿನ ದಿನಗಳಲ್ಲಿ ಅದು ಸ್ವಲ್ಪ ಕೆಳಗಿಳಿಯುತ್ತದೆ, ಆದ್ದರಿಂದ ಅಳೆಯಬೇಕಾದದ್ದೂ ಆಗಲೇ. ಕೈ ಚೆನ್ನಾಗಿ ತೊಳೆದುಕೊಂಡು, ಕುಕ್ಕರಗಾಲಲ್ಲಿ ಕೂತು, ತೋರುಬೆರಳನ್ನು ನಿಧಾನವಾಗಿ ಒಳಗೆ ಬಿಡಿ. ಸುತ್ತಲಿನ ಮೆತ್ತನೆಯ ಗೋಡೆಗಳ ನಡುವೆ ಮೂಗಿನ ತುದಿಯಂತೆ ಗಟ್ಟಿಯಾಗಿ ತಗಲುವುದೇ ಗರ್ಭಕೋಶದ ಬಾಯಿ. ಸಹಜ ಹೆರಿಗೆಯಾದವರಲ್ಲಿ ಅದರ ತೂತು ಚುಕ್ಕಿಯಂತಿರದೆ ಅಡ್ಡ ಸೀಳಿನಂತಿರುತ್ತದೆ, ಗಾಬರಿಪಡಬೇಕಿಲ್ಲ. ಬೆರಳಿನ ಮೊದಲ ಗೆಣ್ಣಿಗೇ ತಗಲಿದರೆ ಕೆಳಗಿದೆ ಎಂದು ತಿಳಿಯಿರಿ, ಎರಡನೆಯ ಗೆಣ್ಣಿನ ಹತ್ತಿರವಾದರೆ ಮಧ್ಯಮ, ಇಡೀ ಬೆರಳು ಹೋದರೂ ಸಿಗದಿದ್ದರೆ ಎತ್ತರದಲ್ಲಿದೆ. ಒಂದೇ ಮುಟ್ಟಿನಲ್ಲೂ ಇದು ಮೇಲೆ ಕೆಳಗೆ ಆಗುವುದುಂಟು. ಮೊದಲ ದಿನ ಒಮ್ಮೆ, ರಕ್ತ ಕಡಿಮೆಯಾದ ಮೇಲೆ ಇನ್ನೊಮ್ಮೆ ನೋಡಿ, ಹೆಚ್ಚು ಕೆಳಗಿರುವ ಅಳತೆಯನ್ನು ಹಿಡಿದುಕೊಳ್ಳಿ. ಮದುವೆಗೆ ಮುಂಚೆಯೋ ಮೊದಲ ಮಗುವಿಗೆ ಮುಂಚೆಯೋ ಕಪ್ ಬಳಸುತ್ತಿದ್ದವರು ಕೂಡ ಹೊಸದಾಗಿ ಅಳೆಯುವುದು ಒಳ್ಳೆಯದು. ಹೆರಿಗೆಯ ನಂತರ ಇದು ಮೊದಲಿನ ಜಾಗದಲ್ಲೇ ಇರುತ್ತದೆಂಬ ಭರವಸೆಯಿಲ್ಲ.

ಎರಡನೆಯದು ಪೆಲ್ವಿಕ್ ಫ್ಲೋರ್, ಅಂದರೆ ಗರ್ಭಕೋಶ, ಮೂತ್ರಕೋಶ, ಕರುಳನ್ನು ಕೆಳಗಿನಿಂದ ಆತು ಹಿಡಿದಿರುವ ಸ್ನಾಯುಗಳು. ಸೀನಿದಾಗ, ಕೆಮ್ಮಿದಾಗ, ಮಗುವನ್ನು ಎತ್ತಿದಾಗ ಮೂತ್ರ ಸೋರುತ್ತದೆಯೇ? ಸಂಜೆಯ ಹೊತ್ತಿಗೆ ಕೆಳಗೆ ಭಾರವಾದಂತೆ, ಏನೋ ಜಾರಿ ಬಂದಂತೆ ಅನಿಸುತ್ತದೆಯೇ? ಹೌದಾದರೆ ಈ ಸ್ನಾಯುಗಳು ಸೋತಿವೆ. ಇದು ಸಹಜ ಹೆರಿಗೆಯಾದವರಿಗೆ ಮಾತ್ರ ಅಂಟಿದ್ದಲ್ಲ. ಒಂಬತ್ತು ತಿಂಗಳು ಹೊಟ್ಟೆಯ ಭಾರ ಹೊತ್ತ ಸ್ನಾಯುಗಳು ಸಿಸೇರಿಯನ್ ಆದವರಲ್ಲೂ ಸಡಿಲವಾಗಿರಬಹುದು. ಹೆರಿಗೆ ಯಾವ ಬಗೆಯದು ಎಂಬುದರ ಮೇಲೆ ಸೈಜು ನಿರ್ಧರಿಸುವ ಪಟ್ಟಿಗಳು ಎಡವುವುದು ಇಲ್ಲೇ.

ಮೂರನೆಯದು ರಕ್ತ ಹೋಗುವ ಪ್ರಮಾಣ. ಒಂದು ಮುಟ್ಟಿನಲ್ಲಿ ಒಟ್ಟು 30ರಿಂದ 40 ಮಿ.ಲೀ. ಹೋಗುವುದು ಸಾಮಾನ್ಯ, 80 ಮಿ.ಲೀ. ದಾಟಿದರೆ ಅದು ಅತಿಸ್ರಾವ. ಇವುಗಳ ಜತೆಗೆ ದಿನಚರಿಯ ಪ್ರಶ್ನೆಗಳೂ ಇವೆ: ದಿನಕ್ಕೆ ಎರಡು ಸಲ ಐದು ನಿಮಿಷ ಬಾಗಿಲು ಹಾಕಿಕೊಳ್ಳಲು ಆಗುತ್ತದೆಯೇ, ಹೋದಲ್ಲಿ ಕೈ ತೊಳೆಯಲು ನೀರು ಸಿಗುತ್ತದೆಯೇ, ಒಮ್ಮೆಗೇ ಎಷ್ಟು ದುಡ್ಡು ಹಾಕಬಲ್ಲಿರಿ.

ಕಪ್

ಕಪ್ ಹೊಸ ಪ್ರಯೋಗವೇನಲ್ಲ. ಅಮೆರಿಕದ ನಟಿ ಲಿಯೋನಾ ಚಾಮರ್ಸ್ 1937ರಲ್ಲೇ ರಬ್ಬರಿನ ಕಪ್‌ಗೆ ಪೇಟೆಂಟ್ ಪಡೆದಿದ್ದರು. ಈಗ ಸಿಗುವವು ಹೆಚ್ಚಾಗಿ ಮೆಡಿಕಲ್ ಗ್ರೇಡ್ ಸಿಲಿಕೋನಿನವು. ಒಂದು ಕಪ್ 15ರಿಂದ 30 ಮಿ.ಲೀ. ತನಕ ಹಿಡಿಯುತ್ತದೆ, ಇನ್ನೂ ದೊಡ್ಡವೂ ಉಂಟು. ಕಂಪನಿ ಹೇಳಿದಂತೆ 8ರಿಂದ 12 ಗಂಟೆ ಒಳಗಿಡಬಹುದು. ಚೆನ್ನಾಗಿ ನೋಡಿಕೊಂಡರೆ 10 ವರ್ಷದವರೆಗೂ ಬಾಳಿಕೆ ಬರುತ್ತದೆ. ದಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಎಂಬ ವೈದ್ಯಕೀಯ ಪತ್ರಿಕೆ 2019ರಲ್ಲಿ 43 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿಯೊಂದನ್ನು ಪ್ರಕಟಿಸಿತು. 3,300ಕ್ಕೂ ಹೆಚ್ಚು ಮಂದಿಯ ಅನುಭವ ಅದರಲ್ಲಿತ್ತು. ಸೋರಿಕೆ ಪ್ಯಾಡ್, ಟ್ಯಾಂಪನ್‌ಗಳಷ್ಟೇ ಅಥವಾ ಅದಕ್ಕಿಂತ ಕಡಿಮೆ ಎಂದು ಅದು ಕಂಡುಕೊಂಡಿತು. ಕಪ್ ರೂಢಿಯಾಗಲು ಕೆಲವು ತಿಂಗಳು ಬೇಕಾಗುತ್ತದೆ ಎಂಬುದನ್ನೂ ಅದೇ ವರದಿ ಹೇಳಿದೆ, ಮತ್ತು ನನಗೆ ಈ ಎರಡನೆಯ ಮಾತು ಮೊದಲಿನದಷ್ಟೇ ಮುಖ್ಯ. ಮೊದಲ ತಿಂಗಳೇ ಸೋರಿತೆಂದು ಕಪ್ ಅನ್ನು ಮೂಲೆಗೆಸೆಯುವವರು ಬಹಳ ಮಂದಿ.

ಉದ್ದವನ್ನು ಮೊದಲು ನೋಡಿ. ಗರ್ಭಕೋಶದ ಬಾಯಿ ಕೆಳಗಿರುವವರಿಗೆ, ಕಪ್‌ನ ತಳದಲ್ಲಿರುವ ಕಡ್ಡಿ ಬಿಟ್ಟು 45 ಮಿ.ಮೀ. ಒಳಗಿನ ಗಿಡ್ಡ ಕಪ್ ಬೇಕು. ಉದ್ದದ್ದು ಹಾಕಿದರೆ ತುದಿ ಹೊರಗೆ ಚುಚ್ಚುತ್ತದೆ, ಕೂತರೂ ನಡೆದರೂ ಗಮನವೆಲ್ಲ ಅಲ್ಲೇ. ಎತ್ತರದಲ್ಲಿರುವವರಿಗೆ 50 ಮಿ.ಮೀ. ದಾಟಿದ್ದು, ಉದ್ದ ಕಡ್ಡಿಯಿರುವುದು ಒಳ್ಳೆಯದು. ಇಲ್ಲವಾದರೆ ತೆಗೆಯುವಾಗ ಬೆರಳಿಗೆ ಸಿಗದೆ ಹೆದರಿಕೆಯಾಗುತ್ತದೆ. ಅದು ಹೊಟ್ಟೆಯೊಳಗೆ ಕಳೆದುಹೋಗಲು ದಾರಿಯಿಲ್ಲ, ಗರ್ಭಕೋಶದ ಬಾಯಿಯೇ ಅಡ್ಡವಿದೆ. ಸ್ವಲ್ಪ ಹೊತ್ತು ಬಿಟ್ಟು, ಮೈ ಸಡಿಲಿಸಿ, ಕುಕ್ಕರಗಾಲಲ್ಲಿ ಕೂತು ಮತ್ತೆ ಪ್ರಯತ್ನಿಸಿದರೆ ಸಿಗುತ್ತದೆ. ಕಡ್ಡಿ ಚುಚ್ಚಿದರೆ ಕತ್ತರಿಸಿಕೊಳ್ಳಬಹುದು, ಆದರೆ ಕಪ್ ಒಳಗಿರುವಾಗ ಅಲ್ಲ.

ಆಮೇಲೆ ಗಟ್ಟಿತನ. ತಾಯಂದಿರು ನಿಜವಾಗಿ ಲಾಭ ನಷ್ಟ ತೂಗಿ ನೋಡಬೇಕಾದದ್ದು ಇಲ್ಲಿ. ಗಟ್ಟಿ ಕಪ್ ಒಳಗೆ ಹೋದ ಕೂಡಲೇ ತಾನೇ ಬಿಚ್ಚಿಕೊಳ್ಳುತ್ತದೆ, ಸಡಿಲ ಸ್ನಾಯುಗಳ ನಡುವೆಯೂ ಗೋಡೆಗೆ ಒತ್ತಿ ನಿಲ್ಲುತ್ತದೆ, ಹೊಸಬರಿಗೆ ಕಲಿಯಲು ಸುಲಭ. ಅದೇ ಒತ್ತಡ ಮುಂದಿರುವ ಮೂತ್ರಕೋಶಕ್ಕೂ ತಗಲುತ್ತದೆ. ಆಗ ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಮೂತ್ರ ಪೂರ್ತಿ ಇಳಿಯದಂತಾಗುವುದು ಉಂಟು. ಮೆತ್ತಗಿನ ಕಪ್ ಒಳಗಿದ್ದದ್ದೇ ತಿಳಿಯುವುದಿಲ್ಲ; ಆದರೆ ಒಂದು ಬದಿ ಮಡಚಿಕೊಂಡೇ ಉಳಿದು ಸೋರುವುದು ಹೆಚ್ಚು. ಸ್ನಾಯುಗಳು ಸಡಿಲ, ಮೂತ್ರದ ತೊಂದರೆಯಿಲ್ಲ ಎಂದಾದರೆ ಗಟ್ಟಿ, ಅಗಲ ಬಾಯಿಯದು. ಮೂತ್ರಕೋಶ ಸೂಕ್ಷ್ಮವಾಗಿದ್ದರೆ ಮೆತ್ತಗಿನದು, ಹಾಕಿದ ಮೇಲೆ ಬೆರಳಾಡಿಸಿ ಸುತ್ತಲೂ ಬಿಚ್ಚಿಕೊಂಡಿದೆಯೇ ಎಂದು ನೋಡುವ ತಾಳ್ಮೆಯೊಂದಿಗೆ. ಎರಡೂ ತೊಂದರೆ ಇರುವವರಿಗೆ ಮಧ್ಯಮ ಗಟ್ಟಿಯದನ್ನು ಮೊದಲು ಹೇಳುತ್ತೇನೆ. ಇನ್ನು ಸೈಜು: ಉದ್ದ, ಗಟ್ಟಿತನ ಗೊತ್ತಾದ ಮೇಲೂ ಚಿಕ್ಕದೋ ದೊಡ್ಡದೋ ಎಂಬ ಗೊಂದಲ ಉಳಿದರೆ ರಕ್ತದ ಪ್ರಮಾಣ ನೋಡಿ ಆರಿಸಿ.

ತೆಗೆಯುವ ರೀತಿಯ ಬಗ್ಗೆ ಹೆರಿಗೆಯಾದವರು ಬೇರೆಯವರಿಗಿಂತ ಹೆಚ್ಚು ಎಚ್ಚರ ವಹಿಸಬೇಕು. ಕಪ್ ಹೀರಿ ಹಿಡಿದುಕೊಂಡಿರುತ್ತದೆ. ಕಡ್ಡಿ ಹಿಡಿದು ಹಾಗೆಯೇ ಜಗ್ಗಿದರೆ ಒಳಗಿನ ಅಂಗಗಳನ್ನೂ ಕೆಳಕ್ಕೆ ಎಳೆದಂತೆ. ಕಪ್‌ನಿಂದಲೇ ಗರ್ಭಕೋಶ ಜಾರುತ್ತದೆಂದು ಸಾಬೀತಾಗಿಲ್ಲವಾದರೂ, ಈ ಬಗ್ಗೆ ಫಿಸಿಯೋಥೆರಪಿ ತಜ್ಞರು ಎಚ್ಚರಿಸಿದ್ದಾರೆ, ಮತ್ತು ಆ ಎಚ್ಚರಿಕೆ ನ್ಯಾಯವಾದದ್ದು. ಕಪ್‌ನ ತಳವನ್ನು ಎರಡು ಬೆರಳಲ್ಲಿ ಹಿಸುಕಿ, ಗಾಳಿ ಒಳಹೋಗಿ ಹಿಡಿತ ಬಿಟ್ಟ ಮೇಲೆ ಮಾತ್ರ ನಿಧಾನವಾಗಿ ಇಳಿಸಿ. ಹಿಡಿತ ಬಿಡದಿದ್ದರೆ ಬದಿಯಿಂದ ಬೆರಳು ತೂರಿಸಿ ಅಂಚನ್ನು ಒಳಕ್ಕೆ ಒತ್ತಿ. ಮುಕ್ಕಿ ಮುಕ್ಕಿ ತಳ್ಳಬೇಡಿ.

ಶುಚಿ ಮಾಡುವುದು ಕಷ್ಟದ ಕೆಲಸವಲ್ಲ. ಪ್ರತಿ ಮುಟ್ಟಿನ ಮೊದಲು ಮತ್ತು ಕೊನೆಗೆ ಐದು ನಿಮಿಷ ನೀರಲ್ಲಿ ಕುದಿಸಿ, ತಳಕ್ಕೆ ತಗಲಿ ಸುಡದಂತೆ ನೋಡಿಕೊಳ್ಳಿ. ನಡುವೆ ಖಾಲಿ ಮಾಡಿದಾಗೆಲ್ಲ ನೀರು, ಪರಿಮಳವಿಲ್ಲದ ಸೋಪು ಸಾಕು. ಅಂಚಿನ ಕೆಳಗಿನ ಸಣ್ಣ ತೂತುಗಳನ್ನು ಮರೆಯಬೇಡಿ, ಅವು ಮುಚ್ಚಿಹೋದರೆ ಹಿಡಿತವೂ ಕೆಡುತ್ತದೆ. ಗಾಳಿಯಾಡುವ ಬಟ್ಟೆ ಚೀಲದಲ್ಲಿಡಿ, ಮುಚ್ಚಿದ ಡಬ್ಬಿಯಲ್ಲಿ ಬೇಡ, ಮತ್ತು ಮಕ್ಕಳ ಕೈಗೆ ಸಿಗದ ಜಾಗದಲ್ಲಿಡಿ. ಟಾಕ್ಸಿಕ್ ಶಾಕ್ ಸಿಂಡ್ರೋಮ್, ಅಂದರೆ ಬ್ಯಾಕ್ಟೀರಿಯಾದ ವಿಷದಿಂದಾಗುವ ಜೀವಾಪಾಯದ ಕಾಯಿಲೆ, ಕಪ್‌ನಿಂದ ಬರುವುದು ಬಹಳ ಅಪರೂಪ, ಆದರೆ ಬರುವುದೇ ಇಲ್ಲವೆಂದಲ್ಲ. ಮೇಲಿನ ವರದಿಯಲ್ಲೇ ಐದು ಪ್ರಕರಣಗಳಿದ್ದವು. ಇದ್ದಕ್ಕಿದ್ದಂತೆ ತೀವ್ರ ಜ್ವರ, ಮೈಮೇಲೆ ಕೆಂಪು ದದ್ದು, ವಾಂತಿ, ತಲೆಸುತ್ತು ಕಂಡರೆ ಕೂಡಲೇ ಕಪ್ ತೆಗೆದು ಆಸ್ಪತ್ರೆಗೆ ಹೋಗಿ, ಕಪ್ ಬಳಸುತ್ತಿದ್ದೆ ಎಂದು ತಿಳಿಸಿ.

ಡಿಸ್ಕ್

ಡಿಸ್ಕ್ ಕೆಲಸ ಮಾಡುವ ಬಗೆಯೇ ಬೇರೆ. ಅದು ಹೀರಿ ಹಿಡಿಯುವುದಿಲ್ಲ. ಹಿಂಬದಿ ಗರ್ಭಕೋಶದ ಬಾಯಿಯ ಆಚೆಗೆ ಹೋಗಿ, ಮುಂಬದಿ ಮುಂದಿನ ಎಲುಬಿನ ಹಿಂದೆ ಸಿಕ್ಕಿ ನಿಲ್ಲುತ್ತದೆ. 2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ರಕ್ತವನ್ನೇ ಬಳಸಿ ಅಳೆದಾಗ ಎಲ್ಲಕ್ಕಿಂತ ಹೆಚ್ಚು ಹಿಡಿದದ್ದು ಡಿಸ್ಕ್, ಸರಾಸರಿ 61 ಮಿ.ಲೀ. ಅತಿಸ್ರಾವದವರಿಗೆ ಇದು ಸಣ್ಣ ಲಾಭವಲ್ಲ. ಗರ್ಭಕೋಶದ ಬಾಯಿ ತೀರ ಕೆಳಗಿದ್ದು ಗಿಡ್ಡ ಕಪ್ಪೂ ಚುಚ್ಚುವವರಿಗೆ, ಹೀರುವಿಕೆ ಬೇಡವೆನ್ನುವವರಿಗೆ, ಮೂತ್ರಕೋಶಕ್ಕೆ ಕಪ್ ಒತ್ತುತ್ತದೆನ್ನುವವರಿಗೆ ಡಿಸ್ಕ್ ಒಗ್ಗುವ ಸಾಧ್ಯತೆ ಹೆಚ್ಚು.

ಆದರೆ ಸ್ನಾಯುಗಳು ತೀರ ಸೋತಿದ್ದರೆ ಮುಂದಿನ ಅಂಚು ಎಲುಬಿನ ಹಿಂದೆ ನಿಲ್ಲದೆ ಜಾರಿ ಬರುತ್ತದೆ. ಮೂತ್ರಕ್ಕೆ ಕೂತಾಗ, ಮುಕ್ಕಿದಾಗ ಒಂದಿಷ್ಟು ರಕ್ತ ತಾನೇ ಹೊರಚೆಲ್ಲುವುದೂ ಇದೆ. ಕೆಲವರಿಗೆ ಅದು ಅನುಕೂಲ, ಕೆಲವರಿಗೆ ಮುಜುಗರ. ತೆಗೆಯುವಾಗ ಅಡ್ಡವಾಗಿ, ಸಮತಟ್ಟಾಗಿ ಹೊರತರಬೇಕು, ಕೈಯೆಲ್ಲ ರಕ್ತವಾಗುವುದು ಖಂಡಿತ. ನೀರು ಸಿಗದ ಕಡೆ ಇದು ಕಷ್ಟ. ಒಳಗಿಡುವ ಯಾವುದನ್ನೂ ಈವರೆಗೆ ಬಳಸಿಲ್ಲದವರು ಡಿಸ್ಕ್‌ನಿಂದ ಶುರುಮಾಡುವುದನ್ನು ನಾನು ಹೇಳುವುದಿಲ್ಲ.

ಒಳಗಿಡಲು ಮನಸ್ಸಿಲ್ಲದವರಿಗೆ

ಹೆರಿಗೆಯಲ್ಲಿ ಸಾಕಷ್ಟು ನೋವುಂಡ ಜಾಗಕ್ಕೆ ಮತ್ತೇನನ್ನೂ ತೂರಿಸಲು ಮನಸ್ಸು ಒಪ್ಪದಿರುವುದು ಸಹಜ. ಅದು ದೌರ್ಬಲ್ಯವಲ್ಲ, ಮತ್ತು ಮರುಬಳಕೆಗೆ ಕಪ್ ಒಂದೇ ದಾರಿಯಲ್ಲ.

ಬಟ್ಟೆ ಪ್ಯಾಡ್ ಮೆತ್ತಗಿರುತ್ತದೆ, ಮಾಗಿದ ಹೊಲಿಗೆಗೆ ಪ್ಲಾಸ್ಟಿಕ್ಕಿನಂತೆ ಉಜ್ಜುವುದಿಲ್ಲ. ತಣ್ಣೀರಲ್ಲಿ ನೆನೆಸಿ, ಸೋಪು ಹಾಕಿ ಒಗೆದು, ಬಿಸಿಲಲ್ಲಿ ಪೂರ್ತಿ ಒಣಗಿಸಲೇಬೇಕು. ಅರೆಬರೆ ಒಣಗಿದ್ದನ್ನು ಹಾಕಿಕೊಂಡರೆ ತುರಿಕೆ, ಸೋಂಕು ಶುರುವಾಗುತ್ತದೆ. ಮಗುವಿನ ಬಟ್ಟೆಯ ರಾಶಿ ಈಗಾಗಲೇ ಇರುವ ಮನೆಯಲ್ಲಿ ಈ ಒಗೆತ ಇನ್ನೊಂದು ಹೊರೆಯೇ, ಅದನ್ನು ಯಾರು ಹೊರುತ್ತಾರೆಂದು ಮೊದಲೇ ಯೋಚಿಸಿ. ಪೀರಿಯಡ್ ಪ್ಯಾಂಟಿ, ಅಂದರೆ ರಕ್ತ ಹೀರುವ ಪದರವಿರುವ ಒಳಉಡುಪು, ಹಾಕಿಕೊಳ್ಳಲು ಸಲೀಸು, ಸೀನಿದಾಗ ಸೋರುವ ನಾಲ್ಕು ಹನಿ ಮೂತ್ರವನ್ನೂ ಹಿಡಿಯುತ್ತದೆ. ಆದರೆ ಮೇಲೆ ಹೇಳಿದ 2023ರ ಅಧ್ಯಯನದಲ್ಲಿ ಎಲ್ಲಕ್ಕಿಂತ ಕಡಿಮೆ ರಕ್ತ ಹೀರಿದ್ದೂ ಇದೇ. ಹೆಚ್ಚು ಹೋಗುವ ದಿನಗಳಿಗೆ ಒಂಟಿಯಾಗಿ ಇದನ್ನು ನಂಬಬೇಡಿ. ಕಪ್ ಕಲಿಯುವ ತಿಂಗಳುಗಳಲ್ಲಿ ಬೆಂಬಲಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಬಿಸಾಡುವ ಪ್ಯಾಡ್ ಕೂಡ ತಪ್ಪೇನಲ್ಲ. ಮಗುವಿಗೆ ಆರೋಗ್ಯ ಸರಿಯಿಲ್ಲದೆ ರಾತ್ರಿಯೆಲ್ಲ ನಿದ್ದೆಗೆಟ್ಟ ತಿಂಗಳು ಅದನ್ನೇ ಬಳಸಿ ಮುಂದಿನ ತಿಂಗಳು ಕಪ್‌ಗೆ ಮರಳಬಹುದು.

ಕಾಪರ್ ಟಿ ಇದ್ದರೆ, ಗರ್ಭಕೋಶ ಜಾರಿದ್ದರೆ

ಹೆರಿಗೆಯ ನಂತರ ಕಾಪರ್ ಟಿ ಅಥವಾ ಹಾರ್ಮೋನಿನ ಐಯುಡಿ (ಗರ್ಭಕೋಶದೊಳಗೆ ಇಡುವ ಗರ್ಭನಿರೋಧಕ ಸಾಧನ) ಹಾಕಿಸಿಕೊಂಡವರು ಬಹಳ. ಕಪ್ ತೆಗೆಯುವಾಗ ಹೀರಿದ ರಭಸಕ್ಕೆ, ಅಥವಾ ಅದರಿಂದ ಯೋನಿಯೊಳಗೆ ಇಳಿಬಿದ್ದಿರುವ ದಾರ ಕಪ್‌ನ ಜತೆ ಸಿಕ್ಕಿಕೊಂಡು, ಅದು ಜಾಗ ಬಿಟ್ಟು ಬಂದ ಉದಾಹರಣೆಗಳಿವೆ. ಕಪ್ ಬಳಸುವ ಮೊದಲು ವೈದ್ಯರಿಗೆ ಹೇಳಿ, ದಾರ ಗಿಡ್ಡವಾಗಿ ಕತ್ತರಿಸಲು ಕೇಳಿ, ಹೊಸದಾಗಿ ಹಾಕಿಸಿಕೊಂಡಿದ್ದರೆ ಎಷ್ಟು ದಿನ ಕಾಯಬೇಕೆಂದು ತಿಳಿದುಕೊಳ್ಳಿ. ಆಮೇಲೂ ಪ್ರತಿ ಮುಟ್ಟಿನ ಕೊನೆಗೆ ದಾರ ಬೆರಳಿಗೆ ಮೊದಲಿನಂತೆಯೇ ಸಿಗುತ್ತದೆಯೇ ನೋಡಿ. ಮತ್ತೆ ಗರ್ಭಿಣಿಯಾಗುವುದು ಈಗ ಬೇಡವೇ ಬೇಡ ಎನ್ನುವವರಿಗೆ ನಾನಂತೂ ಬಟ್ಟೆ ಪ್ಯಾಡ್ ಅಥವಾ ಪ್ಯಾಂಟಿಯನ್ನೇ ಹೇಳುವೆ.

ಗರ್ಭಕೋಶವೋ ಮೂತ್ರಕೋಶವೋ ಜಾರಿದೆ ಎಂದು ವೈದ್ಯರು ಹೇಳಿದ್ದರೆ ಕಪ್, ಡಿಸ್ಕ್ ಎರಡನ್ನೂ ಅವರ ಒಪ್ಪಿಗೆಯಿಲ್ಲದೆ ಶುರುಮಾಡಬೇಡಿ. ಮೊದಲು ಪೆಲ್ವಿಕ್ ಫ್ಲೋರ್ ವ್ಯಾಯಾಮವನ್ನು ಬಲ್ಲವರಿಂದ ಕಲಿಯಿರಿ.

ದುಡ್ಡು ಎಷ್ಟಿದೆ, ಎಲ್ಲಿಂದ ಶುರು

ಕೈ ಬಿಗಿಯಿದ್ದರೆ ಒಂದು ಮಧ್ಯಮ ಗಟ್ಟಿಯ ಸಿಲಿಕೋನ್ ಕಪ್, ಎರಡು ಮೂರು ಬಟ್ಟೆ ಪ್ಯಾಡ್ ಸಾಕು. ಮೊದಲಿಗೆ ಒಂದಿಷ್ಟು ದುಡ್ಡು ಹಾಕಬೇಕು, ಆಮೇಲೆ ವರ್ಷಗಟ್ಟಲೆ ಖರ್ಚಿಲ್ಲ. ಹೆಚ್ಚು ಪ್ಯಾಡ್ ಬೇಕಾಗುತ್ತಿದ್ದವರಿಗೆ ಹಾಕಿದ ದುಡ್ಡು ಬೇಗ ವಾಪಸ್ ಹುಟ್ಟುತ್ತದೆ. ಅಗ್ಗವೆಂದು ಯಾವುದರಿಂದ ಮಾಡಿದ್ದೆಂದೇ ಬರೆಯದ ಕಪ್ ತರಬೇಡಿ. ಒಗ್ಗದಿದ್ದರೆ ಬೇರೆ ಸೈಜು ಬದಲಾಯಿಸಿಕೊಡುವ ಕಂಪನಿಯದಾದರೆ ತುಸು ಹೆಚ್ಚು ಕೊಟ್ಟರೂ ಲಾಭವೇ. ಕೈಯಲ್ಲಿ ಇನ್ನಷ್ಟಿದ್ದರೆ ಎರಡನೆಯ ಕಪ್ ಕೊಳ್ಳುವ ಬದಲು ಎರಡು ಪೀರಿಯಡ್ ಪ್ಯಾಂಟಿ ಕೊಳ್ಳಿ. ಇನ್ನೊಂದು ಮಗು ಬೇಕೆಂದಿರುವವರು ದುಬಾರಿ ಕಪ್‌ಗೆ ಈಗಲೇ ಕೈಹಾಕಬೇಡಿ, ಮುಂದಿನ ಹೆರಿಗೆಯ ನಂತರ ಅಳತೆ ಮತ್ತೆ ಬದಲಾಗಬಹುದು.

ಕೊಂಡ ಮೇಲೆ ಮೂರು ಮುಟ್ಟಿನಷ್ಟು ಸಮಯ ಕೊಡಿ. ಮೊದಲ ಸಲ ರಕ್ತ ಕಡಿಮೆಯಿರುವ ದಿನ, ಮನೆಯಲ್ಲಿರುವಾಗ, ಮಗುವನ್ನು ನೋಡಿಕೊಳ್ಳಲು ಇನ್ನೊಬ್ಬರಿರುವಾಗ ಹಾಕಿ ನೋಡಿ. ಸೋರಿದರೆ ಕಪ್ ತುಂಬಿತ್ತೇ, ಅರ್ಧ ಖಾಲಿಯಿತ್ತೇ ಎಂದು ಗಮನಿಸಿ. ತುಂಬಿ ಸೋರಿದರೆ ದೊಡ್ಡದು ಬೇಕು, ಅಥವಾ ಬೇಗ ಖಾಲಿ ಮಾಡಬೇಕು. ಅರ್ಧ ಖಾಲಿಯಿದ್ದೂ ಸೋರಿದರೆ ಅದು ಸರಿಯಾಗಿ ಬಿಚ್ಚಿಕೊಂಡಿಲ್ಲ, ಇಲ್ಲವೇ ಗರ್ಭಕೋಶದ ಬಾಯಿಯ ಪಕ್ಕಕ್ಕೆ ಸರಿದು ಕೂತಿದೆ. ಇನ್ನೊಂದು ಬಗೆಯಲ್ಲಿ ಮಡಚಿ ಹಾಕಿ ನೋಡಿ. ತಾನೇ ಕೆಳಗೆ ಜಾರುತ್ತಿದ್ದರೆ ಇನ್ನೂ ಗಟ್ಟಿಯದು, ಅಗಲದ್ದು ಬೇಕು. ನೋವಾದರೆ ಮಾತ್ರ ಸಹಿಸಿಕೊಂಡು ಮುಂದುವರಿಸಬೇಡಿ.

ಬಹಳಷ್ಟು ಕಪ್‌ಗಳಲ್ಲಿ ಮಿಲಿಲೀಟರಿನ ಗೆರೆಗಳಿರುತ್ತವೆ. ಹೆರಿಗೆಯ ನಂತರ ರಕ್ತಹೀನತೆಯಿಂದ ಬಳಲುವವರಿಗೆ ಅವು ದೊಡ್ಡ ಉಪಕಾರ, ಏಕೆಂದರೆ ‘ಜಾಸ್ತಿ ಹೋಗುತ್ತೆ’ ಎಂದಷ್ಟೇ ಹೇಳಿದರೆ ಎಷ್ಟೆಂದು ಯಾರಿಗೂ ತಿಳಿಯುವುದಿಲ್ಲ. ಖಾಲಿ ಮಾಡಿದಾಗೆಲ್ಲ ಎಷ್ಟಿತ್ತೆಂದು ಬರೆದಿಡಿ. ಒಂದು ಮುಟ್ಟಿನ ಒಟ್ಟು 80 ಮಿ.ಲೀ. ದಾಟಿದರೆ, ಅಥವಾ ದೊಡ್ಡ ಕಪ್ ಕೂಡ ಒಂದೆರಡು ಗಂಟೆಗೆ ತುಂಬುತ್ತಿದ್ದರೆ, ಆ ಚೀಟಿ ಹಿಡಿದುಕೊಂಡು ವೈದ್ಯರ ಬಳಿ ಹೋಗಿ, ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿ.